ತಾಯಿಯೋ, ಮಗುವೋ? ಕೇಳಬಾರದ ಒಂದು ಪ್ರಶ್ನೆ



ಹಳೆಯ ಚಲನಚಿತ್ರಗಳಲ್ಲಿ ನೀವೆಲ್ಲ ನೋಡಿರುವ ಒಂದು ದೃಶ್ಯವಿದೆ. ಆಪರೇಷನ್ ಥಿಯೇಟರಿನ ಮೇಲೆ ಕೆಂಪು ದೀಪ ಉರಿಯುತ್ತಿರುತ್ತದೆ. ಗಂಡ ವರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತಿರುತ್ತಾನೆ. ಬಾಗಿಲು ತೆರೆದು ಹೊರಬಂದ ಡಾಕ್ಟರು ಕನ್ನಡಕ ತೆಗೆದು, “ತಾಯಿ, ಮಗು ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು, ಯಾರನ್ನು ಉಳಿಸಲಿ?” ಎಂದು ಕೇಳುತ್ತಾರೆ. ಚಿತ್ರಮಂದಿರದಲ್ಲಿ ಕುಳಿತವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆ ಪ್ರಶ್ನೆಯಲ್ಲಿ ಮೂರು ದೋಷಗಳಿವೆ. ಇಬ್ಬರಲ್ಲಿ ಒಬ್ಬರನ್ನು ಬಿಟ್ಟುಕೊಡಲೇಬೇಕು ಎಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ. ಒಂದು ಜೀವ ಉಳಿಯಲಿ, ಇನ್ನೊಂದು ಹೋಗಲಿ ಎಂದು ತೀರ್ಪು ಕೊಡುವ ಅಧಿಕಾರ ಮನುಷ್ಯನಿಗಿದೆ ಎಂದು ಭಾವಿಸುತ್ತದೆ. ಮೂರನೆಯದನ್ನು ನಾವು ಗಮನಿಸುವುದೇ ಇಲ್ಲ. ಯಾರ ಶರೀರ, ಯಾರ ಪ್ರಾಣ ಪಣಕ್ಕಿದೆಯೋ ಆ ಹೆಣ್ಣುಮಗಳನ್ನು ಅದು ಕೇಳುವುದಿಲ್ಲ, ಗಂಡನನ್ನು ಕೇಳುತ್ತದೆ.

ಚಲನಚಿತ್ರ ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಗರ್ಭಿಣಿಯ ಮಿದುಳಿನಲ್ಲಿ ಗೆಡ್ಡೆ ಇದೆ ಎಂದು ಗೊತ್ತಾದ ಕುಟುಂಬಕ್ಕೆ ಈ ಪ್ರಶ್ನೆ ತಿಂಗಳುಗಟ್ಟಲೆ ಮನೆಯೊಳಗೆ ಕುಳಿತಿರುತ್ತದೆ. ಇಂಥ ಕಾಯಿಲೆ ಅಪರೂಪ. ಆದರೆ ಬಂದ ಮನೆಗೆ ಅದು ಅಪರೂಪವಲ್ಲ. ಆ ಮನೆಗೆ ಅದೇ ಸರ್ವಸ್ವ. ಆಗ ಒಬ್ಬ ವಿಶ್ವಾಸಿ ಏನು ಮಾಡಬೇಕು? ಚಿಕಿತ್ಸೆ ತೆಗೆದುಕೊಂಡರೆ ಮಗುವಿಗೆ ಕೇಡು ಬಗೆದಂತಾಗುತ್ತದೆಯೇ? ತೆಗೆದುಕೊಳ್ಳದಿದ್ದರೆ ಅದು ಆತ್ಮಹತ್ಯೆಗೆ ಸಮಾನವೇ? ಧರ್ಮಸಭೆ ಏನು ಹೇಳುತ್ತದೆ? ಈ ವಾರ ಇದನ್ನು ಸಮಾಧಾನದಿಂದ ಯೋಚಿಸೋಣ.

ಮೊದಲ ಕರ್ತವ್ಯ: ಸತ್ಯ ತಿಳಿಯುವುದು

ನೀತಿಯ ಪ್ರಶ್ನೆ ಆಸ್ಪತ್ರೆಯಲ್ಲಿ ಶುರುವಾಗುವುದಿಲ್ಲ, ಅಡಿಗೆಮನೆಯಲ್ಲಿ ಶುರುವಾಗುತ್ತದೆ. ಬಸುರಿ ಹೆಂಗಸು ತಲೆನೋವು ಎನ್ನುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ. “ಬಸುರಿಗೆ ವಾಂತಿಯಾಗದೆ ಇನ್ನೇನು? ನಾವೆಲ್ಲ ಹೆತ್ತಿಲ್ಲವೇ?” ಎಂದು ಹಿರಿಯರು ಹೇಳುತ್ತಾರೆ. ಹೆಚ್ಚಿನ ಸಲ ಅವರ ಮಾತು ನಿಜವೇ. ಆದರೆ ಮೊದಲ ಮೂರು ನಾಲ್ಕು ತಿಂಗಳು ಕಳೆದ ಮೇಲೂ ವಾಂತಿ ನಿಲ್ಲದೆ ಹೆಚ್ಚಾಗುತ್ತಿದ್ದರೆ, ಬೆಳಗ್ಗೆ ಏಳುವಾಗಲೇ ತಲೆ ಸಿಡಿಯುವಂತಿದ್ದರೆ, ಕಣ್ಣು ಮಂಜಾಗಿ ಪಕ್ಕದಲ್ಲಿ ಇರುವವರು ಕಾಣದಂತಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಹಿಂದೆಂದೂ ಇಲ್ಲದ ಫಿಟ್ಸ್ ಬಂದರೆ, ಅದನ್ನು ಪಿತ್ತವೆಂದೋ ಗಾಳಿ ಸೋಕಿತೆಂದೋ ತಳ್ಳಿಹಾಕಬೇಡಿ. ಬಸುರಿನಲ್ಲಿ ಫಿಟ್ಸ್ ಬಂದರೆ ರಕ್ತದೊತ್ತಡ ಏರಿ ಬರುವ ಗರ್ಭನಂಜು ಕಾರಣವಿರಬಹುದು. ಮಿದುಳಿನ ಗೆಡ್ಡೆಯೂ ಕಾರಣವಿರಬಹುದು. ಎರಡೂ ತಡಮಾಡುವ ಕಾಯಿಲೆಗಳಲ್ಲ.

“ಬಸುರಿಯಲ್ಲವೇ, ತಲೆಗೆ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ತೊಂದರೆ” ಎಂಬ ಭಯ ಅನೇಕರಲ್ಲಿದೆ. ಎಂಆರ್‌ಐ ಯಂತ್ರ ಕ್ಷಕಿರಣ ಬಳಸುವುದಿಲ್ಲ. ಅಗತ್ಯವಿದ್ದಾಗ ಗರ್ಭಿಣಿಯರಿಗೂ ಮಾಡುತ್ತಾರೆ. ರಕ್ತನಾಳಕ್ಕೆ ಕೊಡುವ ಗ್ಯಾಡೊಲಿನಿಯಂ ಎಂಬ ಚುಚ್ಚುಮದ್ದನ್ನು ಮಾತ್ರ ಸಾಧ್ಯವಾದಷ್ಟು ತಪ್ಪಿಸುತ್ತಾರೆ. ತುರ್ತಿನಲ್ಲಿ ತಲೆಯ ಸಿಟಿ ಸ್ಕ್ಯಾನ್ ಮಾಡಿದರೂ ಗರ್ಭಕೋಶಕ್ಕೆ ತಲುಪುವ ಕಿರಣ ಅತ್ಯಲ್ಪ. ಮಗುವಿನ ಮೇಲಿನ ಪ್ರೀತಿಯಿಂದಲೇ ಪರೀಕ್ಷೆಯನ್ನು ಮುಂದೂಡಿದರೆ, ಆ ಪ್ರೀತಿಯೇ ತಾಯಿ ಮಗು ಇಬ್ಬರಿಗೂ ಮುಳುವಾಗಬಹುದು. ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥ ತನ್ನ 38ನೇ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಲು ಕಲಿಸುತ್ತದೆ, ವೈದ್ಯನನ್ನೂ ಔಷಧಿಯನ್ನೂ ದೇವರ ಸೃಷ್ಟಿಯೆಂದೇ ಕಾಣುತ್ತದೆ. ಪ್ರಾರ್ಥನೆ ಮತ್ತು ಪರೀಕ್ಷೆ ಒಂದಕ್ಕೊಂದು ವೈರಿಗಳಲ್ಲ.

ವೈದ್ಯರ ಕೈಯಲ್ಲಿ ಏನಿದೆ?

ಮಿದುಳಿನ ಗೆಡ್ಡೆ ಎಂದ ಕೂಡಲೇ ಸಾವು ಎಂದು ತಿಳಿಯಬೇಡಿ. ಅದರಲ್ಲಿ ಹಲವು ಬಗೆ. ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮ ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಬಸುರಿನ ಹಾರ್ಮೋನುಗಳಿಂದ ಅದು ಕೆಲವೊಮ್ಮೆ ದೊಡ್ಡದಾಗಿ, ಹೆರಿಗೆಯ ನಂತರ ಸ್ವಲ್ಪ ಕುಗ್ಗುವುದೂ ಉಂಟು. ಪಿಟ್ಯುಟರಿ ಗ್ರಂಥಿಯ ಕೆಲವು ಗೆಡ್ಡೆಗಳನ್ನು ಮಾತ್ರೆಯಿಂದಲೇ ಹತೋಟಿಯಲ್ಲಿಡಬಹುದು. ಬಸುರಿನಲ್ಲಿ ಕಣ್ಣಿನ ದೃಷ್ಟಿಯನ್ನು ಆಗಾಗ ಪರೀಕ್ಷಿಸುತ್ತಾ ಕಾಯುತ್ತಾರೆ. ಮಿದುಳಿನ ಒಳಗೇ ಹುಟ್ಟುವ ಗ್ಲಿಯೋಮಗಳಲ್ಲಿ ನಿಧಾನವಾದವೂ ಇವೆ, ಬಹಳ ಉಗ್ರವಾದವೂ ಇವೆ.

ಆದ್ದರಿಂದ ಎಲ್ಲರಿಗೂ ಒಂದೇ ಉತ್ತರವಿಲ್ಲ. ಗೆಡ್ಡೆ ಸುಮ್ಮನಿದ್ದರೆ ಹೆರಿಗೆಯವರೆಗೆ ಎಚ್ಚರದಿಂದ ಕಾಯಬಹುದು. ಮಿದುಳಿನ ಊತ ಇಳಿಸಲು ಔಷಧಿಗಳಿವೆ. ಫಿಟ್ಸ್ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್ ಎಂಬುದು ಮಗುವಿನ ಬೆಳವಣಿಗೆಗೆ ಹಾನಿಕರವಾದ್ದರಿಂದ ಅದನ್ನು ತಪ್ಪಿಸಿ, ಹೆಚ್ಚು ಸುರಕ್ಷಿತವಾದ ಬೇರೆ ಮಾತ್ರೆ ಕೊಡುತ್ತಾರೆ. ಆದರೆ ನುಂಗುತ್ತಿರುವ ಮಾತ್ರೆಯನ್ನು ಯಾರದೋ ಮಾತು ಕೇಳಿ ಒಮ್ಮೆಲೇ ನಿಲ್ಲಿಸಬಾರದು. ಅದರಿಂದ ಬರುವ ಫಿಟ್ಸ್ ಮಗುವಿಗೂ ಅಪಾಯ. ಶಸ್ತ್ರಚಿಕಿತ್ಸೆ ಬೇಕೆಂದಾದರೆ, ಕಾಯಲು ಅವಕಾಶವಿದ್ದಲ್ಲಿ, ಮಗುವಿನ ಅಂಗಾಂಗಗಳು ರೂಪುಗೊಂಡ ನಂತರದ ನಡುವಿನ ತಿಂಗಳುಗಳನ್ನು ಆರಿಸುತ್ತಾರೆ. ಎಂಟನೇ ತಿಂಗಳು ಸಮೀಪಿಸಿದ್ದರೆ ತಾಯಿಗೆ ಚುಚ್ಚುಮದ್ದು ಕೊಟ್ಟು ಮಗುವಿನ ಶ್ವಾಸಕೋಶ ಬಲಿಯುವಂತೆ ಮಾಡಿ, ಸಿಸೇರಿಯನ್ ಮೂಲಕ ಹೆರಿಗೆ ಮಾಡಿಸಿ, ಬಳಿಕ ಗೆಡ್ಡೆ ತೆಗೆಯಬಹುದು. ಶಸ್ತ್ರಚಿಕಿತ್ಸೆ ನಡೆಯುವುದು ತಲೆಯಲ್ಲಿ; ಗರ್ಭಕೋಶವನ್ನು ಮುಟ್ಟುವುದಿಲ್ಲ. ಹೀಗೆ ಆಪರೇಷನ್ ಆದ ತಾಯಂದಿರು ತಿಂಗಳು ತುಂಬಿ ಹೆತ್ತಿದ್ದಾರೆ.

ನರರೋಗ ತಜ್ಞರು, ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಇವರೆಲ್ಲ ಒಟ್ಟಿಗೆ ಕುಳಿತು ಯೋಚಿಸುವ ದೊಡ್ಡ ಆಸ್ಪತ್ರೆಗೆ ಹೋದರೆ “ತಾಯಿಯೋ ಮಗುವೋ” ಎಂಬ ಪ್ರಶ್ನೆ ಎಷ್ಟೋ ಸಲ “ತಾಯಿಯೂ ಮಗುವೂ, ಆದರೆ ಯಾವಾಗ, ಹೇಗೆ?” ಎಂದು ಬದಲಾಗುತ್ತದೆ. ಮೊದಲ ದಿನವೇ “ತೆಗೆಸಿಬಿಡಿ” ಎಂಬ ಸಲಹೆ ಬಂದರೆ, ಗರ್ಭಪಾತದಿಂದ ಗೆಡ್ಡೆ ಗುಣವಾಗುವುದಿಲ್ಲ ಎಂಬುದನ್ನು ನೆನಪಿಡಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಅದು ನಿಮ್ಮ ಹಕ್ಕು.

ಧರ್ಮಸಭೆಯ ಬೋಧನೆ

“ಕಥೋಲಿಕರು ತಾಯಿ ಸತ್ತರೂ ಸರಿ, ಮಗು ಉಳಿಯಬೇಕು ಅನ್ನುತ್ತಾರೆ” ಎಂಬ ಮಾತನ್ನು ನೀವು ಕೇಳಿರಬಹುದು. ಇದು ಧರ್ಮಸಭೆಯ ಬೋಧನೆಯಲ್ಲ. 1951ರ ನವೆಂಬರಿನಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಅವರು ಇಟಲಿಯ ಕುಟುಂಬ ಸಂಘಟನೆಗಳನ್ನು ಉದ್ದೇಶಿಸಿ ಮಾತನಾಡುತ್ತಾ ಈ ಆರೋಪವನ್ನು ನೇರವಾಗಿ ತಳ್ಳಿಹಾಕಿದರು. ಮಗುವಿನ ಪ್ರಾಣ ತಾಯಿಯ ಪ್ರಾಣಕ್ಕಿಂತ ಮೇಲೆಂದು ಧರ್ಮಸಭೆ ಎಂದೂ ಕಲಿಸಿಲ್ಲ; ಇಬ್ಬರಲ್ಲಿ ಯಾರನ್ನೂ ನೇರವಾಗಿ ಕೊಲ್ಲುವಂತಿಲ್ಲ, ಇಬ್ಬರನ್ನೂ ಉಳಿಸಲು ಎಲ್ಲ ಪ್ರಯತ್ನ ನಡೆಯಬೇಕು ಎಂಬುದು ಅವರ ಮಾತಿನ ಸಾರ. ಬಸುರಿಗೆ ಸಂಬಂಧವಿಲ್ಲದ ಕಾಯಿಲೆಗಾಗಿ ತಾಯಿಗೆ ತುರ್ತಾಗಿ ಶಸ್ತ್ರಚಿಕಿತ್ಸೆಯೋ ಬೇರೆ ಚಿಕಿತ್ಸೆಯೋ ಬೇಕಾಗಿ, ಅದರಿಂದ ಯಾರೂ ಬಯಸದ, ತಪ್ಪಿಸಲಾಗದ ಪರಿಣಾಮವಾಗಿ ಮಗು ತೀರಿಕೊಂಡರೆ, ಅದನ್ನು ಮಗುವಿನ ಮೇಲಿನ ನೇರ ಹಲ್ಲೆ ಎನ್ನಲಾಗದು ಎಂದೂ ಅವರು ವಿವರಿಸಿದರು. ಮಿದುಳಿನ ಗೆಡ್ಡೆ ಇಂಥ ಕಾಯಿಲೆಯೇ.

ಇದರ ಹಿಂದೆ ಹಳೆಯ ಒಂದು ವಿಚಾರವಿದೆ. ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯನ್ನು ಚರ್ಚಿಸುವಾಗ, ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ಒಂದನ್ನು ನಾವು ಉದ್ದೇಶಿಸುತ್ತೇವೆ, ಇನ್ನೊಂದು ಉದ್ದೇಶಕ್ಕೆ ಹೊರತಾಗಿ ನಡೆಯುತ್ತದೆ ಎಂದು ತೋರಿಸಿದರು. ಮುಂದೆ ಇದನ್ನೇ ದ್ವಿಪರಿಣಾಮ ತತ್ವ ಎಂದು ಕರೆದರು. ಮಾಡುವ ಕೆಲಸ ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು. ಕೆಟ್ಟ ಪರಿಣಾಮವನ್ನು ಬಯಸಬಾರದು. ಆ ಕೆಟ್ಟದ್ದೇ ಒಳಿತಿಗೆ ಮೆಟ್ಟಿಲಾಗಬಾರದು. ಅಪಾಯವನ್ನು ಒಪ್ಪಿಕೊಳ್ಳಲು ಅಷ್ಟೇ ಗಂಭೀರ ಕಾರಣವಿರಬೇಕು.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ತುಂಬಿ ಹರಿಯುವ ಹೊಳೆಯಲ್ಲಿ ಅಂಬಿಗನೊಬ್ಬ ತಾಯಿಯನ್ನೂ ಕೂಸನ್ನೂ ದಾಟಿಸುತ್ತಿದ್ದಾನೆ. ದೋಣಿ ಸುಳಿಗೆ ಸಿಕ್ಕಿತು. ಅವನು ಬಲವಾಗಿ ಹುಟ್ಟು ಹಾಕಿ ದಡದ ಕಡೆ ತಿರುಗಿಸಿದ. ಆ ರಭಸಕ್ಕೆ ಕೂಸು ಕೈಜಾರಿ ನೀರಿಗೆ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಬ್ಬ ಅಂಬಿಗ ದೋಣಿ ಹಗುರವಾಗಲೆಂದು ಕೂಸನ್ನು ತಾನೇ ಎತ್ತಿ ನೀರಿಗೆ ಹಾಕಿದ. ಎರಡರಲ್ಲೂ ತಾಯಿ ಉಳಿದಳು, ಕೂಸು ಹೋಯಿತು. ಆದರೆ ಇಬ್ಬರು ಅಂಬಿಗರು ಮಾಡಿದ್ದು ಒಂದೇ ಎಂದು ನೀವು ಹೇಳುತ್ತೀರಾ? ಮೊದಲನೆಯವನ ಕೆಲಸದಲ್ಲಿ ಕೂಸು ಬದುಕಿದ್ದರೆ ಅವನೇ ಎಲ್ಲರಿಗಿಂತ ಹೆಚ್ಚು ಸಂತೋಷಪಡುತ್ತಿದ್ದ. ಎರಡನೆಯವನ ಲೆಕ್ಕದಲ್ಲಿ ಕೂಸು ದೋಣಿಯಲ್ಲಿ ಉಳಿದರೆ ಕೆಲಸ ಕೆಟ್ಟಂತೆ. ಗೆಡ್ಡೆಯ ಚಿಕಿತ್ಸೆಗೂ ನೇರ ಗರ್ಭಪಾತಕ್ಕೂ ಇರುವ ಅಂತರ ಇದೇ.

ಅತ್ಯಂತ ಕಠಿಣ ಸ್ಥಿತಿ

ಇಲ್ಲಿಗೆ ನಿಲ್ಲಿಸಿದರೆ ಸುಲಭವಾಗುತ್ತಿತ್ತು. ಆದರೆ ಉಗ್ರವಾದ ಗೆಡ್ಡೆ ಎರಡನೇ ತಿಂಗಳಲ್ಲೇ ಕಂಡುಬಂದರೆ? “ಕಿರಣ ಚಿಕಿತ್ಸೆ, ಔಷಧಿ ಎರಡನ್ನೂ ಬೇಗ ಶುರುಮಾಡಬೇಕು, ಅದಕ್ಕೆ ಮೊದಲು ಗರ್ಭ ತೆಗೆಸಿ” ಎಂದು ವೈದ್ಯರು ಹೇಳಿದರೆ? ಮನೆಯಲ್ಲಿ ಮತ್ತಿಬ್ಬರು ಚಿಕ್ಕ ಮಕ್ಕಳಿದ್ದರೆ?

ಆಗ ವೈದ್ಯರನ್ನು ವಿನಯದಿಂದ ಆದರೆ ಬಿಡದೆ ಕೇಳಿ. ಮೊದಲು ಶಸ್ತ್ರಚಿಕಿತ್ಸೆ ಮಾಡಿ ಸಮಯ ಗಳಿಸಬಹುದೇ? ಹೊಟ್ಟೆಗೆ ರಕ್ಷಾ ಹೊದಿಕೆ ಹಾಕಿ, ಮಗುವಿಗೆ ತಲುಪುವ ಕಿರಣದ ಪ್ರಮಾಣ ಲೆಕ್ಕಹಾಕಿ ತಲೆಗೆ ಮಾತ್ರ ಕಿರಣ ಕೊಡಬಹುದೇ? ಔಷಧಿಯನ್ನು ಮೊದಲ ಮೂರು ತಿಂಗಳು ಕಳೆಯುವವರೆಗೆ ಮುಂದೂಡಬಹುದೇ? ಇದಾವುದೂ ಆಗದು, ಚಿಕಿತ್ಸೆ ಈಗಲೇ ಬೇಕು ಎಂದಾದರೆ, ತಾಯಿ ಆ ಚಿಕಿತ್ಸೆಯನ್ನು ತೆಗೆದುಕೊಳ್ಳಬಹುದು. ಅದರಿಂದ ಮಗುವಿಗೆ ಅಪಾಯವಾದರೂ, ಮಗು ಹೋದರೂ, ಅವಳು ಪಾಪ ಮಾಡಿದವಳಲ್ಲ. ಆದರೆ ಚಿಕಿತ್ಸೆಗೆ ದಾರಿ ತೆರವುಗೊಳಿಸಲೆಂದು ಮಗುವನ್ನೇ ಕೊಲ್ಲುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಜಗದ್ಗುರು ಎರಡನೇ ಜಾನ್ ಪಾಲರು 1995ರ ಮಾರ್ಚ್ 25ರಂದು ಹೊರಡಿಸಿದ ‘ಇವಾಂಜೆಲಿಯುಂ ವೀತೇ’ ಎಂಬ ವಿಶ್ವಪರಿಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಪುನರುಚ್ಚರಿಸಿದ್ದಾರೆ. ಇಂಥ ತೀರ್ಮಾನಗಳು ಎಷ್ಟೋ ಸಲ ತಾಯಿಗೆ ಎಷ್ಟು ನೋವಿನವು ಎಂಬುದನ್ನೂ ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ.

ನಮ್ಮ ದೇಶದ ಕಾನೂನು ಬೇರೆ. 1971ರ ಕಾಯಿದೆ, ಅದರ 2021ರ ತಿದ್ದುಪಡಿ ಇವು ಗರ್ಭಪಾತಕ್ಕೆ ಅವಕಾಶ ಕೊಡುತ್ತವೆ. ಆದರೆ ಅದೇ ಕಾನೂನು ವಯಸ್ಕ ಗರ್ಭಿಣಿಯ ಸಮ್ಮತಿಯಿಲ್ಲದೆ ಅದನ್ನು ಮಾಡಕೂಡದು ಎನ್ನುತ್ತದೆ. ಗಂಡನ ಸಹಿ, ಅತ್ತೆಯ ಒತ್ತಾಯ ಅವಳ ಸಮ್ಮತಿಗೆ ಬದಲಿಯಲ್ಲ. ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ಅದು ಕರ್ತವ್ಯವಾಗುವುದಿಲ್ಲ.

ಇದು ಕಠಿಣ ಬೋಧನೆ. ಇದನ್ನು ಬೆಲ್ಲ ಸವರಿ ಹೇಳಲಾರೆ. ಭಯದಲ್ಲಿ, ಒತ್ತಡದಲ್ಲಿ ಬೇರೆ ದಾರಿ ಹಿಡಿದ ಸಹೋದರಿ ಈ ಸಾಲುಗಳನ್ನು ಓದುತ್ತಿದ್ದರೆ, ನಿನ್ನನ್ನು ಹೊರಗಟ್ಟಲು ಇದನ್ನು ಬರೆದಿಲ್ಲ, ತಾಯಿ. ಪಾಪನಿವೇದನೆಯ ಬಾಗಿಲು ತೆರೆದೇ ಇದೆ. ಈ ವಿಷಯದಲ್ಲಿ ಕ್ಷಮೆ ನೀಡುವ ಅಧಿಕಾರವನ್ನು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಎಲ್ಲ ಗುರುಗಳಿಗೂ ವಿಸ್ತರಿಸಿದರು.

ಕೊಡಬಹುದು, ಕೇಳುವಂತಿಲ್ಲ

ಇಂಥ ಸಂದರ್ಭದಲ್ಲಿ ಯಾರಾದರೂ ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಹೆಸರನ್ನು ಎತ್ತುತ್ತಾರೆ. ಇಟಲಿಯ ಈ ಮಕ್ಕಳ ವೈದ್ಯೆ ಮೂವರು ಮಕ್ಕಳ ತಾಯಿ. 1961ರಲ್ಲಿ ನಾಲ್ಕನೇ ಬಸುರಿನ ಎರಡನೇ ತಿಂಗಳಲ್ಲಿ ಗರ್ಭಕೋಶದಲ್ಲಿ ಗೆಡ್ಡೆ ಕಂಡಿತು. ಗೆಡ್ಡೆಯನ್ನು ಮಾತ್ರ ತೆಗೆದು ಮಗುವನ್ನು ಉಳಿಸಬೇಕೆಂದು ಅವರು ಕೇಳಿಕೊಂಡರು. 1962ರ ಏಪ್ರಿಲ್ 21, ಪವಿತ್ರ ಶನಿವಾರದಂದು ಹೆಣ್ಣು ಮಗು ಹುಟ್ಟಿತು. ಏಪ್ರಿಲ್ 28ರಂದು ಸೋಂಕಿನಿಂದ ತಾಯಿ ತೀರಿಕೊಂಡರು. 2004ರ ಮೇ 16ರಂದು ಅವರನ್ನು ಸಂತರೆಂದು ಘೋಷಿಸಿದಾಗ ಅವರ ಪತಿಯೂ, ವೈದ್ಯೆಯಾಗಿ ಬೆಳೆದಿದ್ದ ಆ ಮಗಳೂ ಅಲ್ಲಿದ್ದರು.

ಈ ಕಥೆಯಲ್ಲಿ ನಾವು ಮರೆಯುವ ಎರಡು ಅಂಶಗಳಿವೆ. ಅವರು ಚಿಕಿತ್ಸೆಯನ್ನು ತಿರಸ್ಕರಿಸಲಿಲ್ಲ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ರೋಗಗ್ರಸ್ತ ಗರ್ಭಕೋಶವನ್ನೇ ತೆಗೆಯುವ ದಾರಿಯೂ ಇತ್ತು. ಪರೋಕ್ಷವಾಗಿ ಮಗು ಹೋಗುತ್ತಿದ್ದರೂ ಧರ್ಮಸಭೆಯ ಬೋಧನೆ ಅದನ್ನು ನಿಷೇಧಿಸುತ್ತಿರಲಿಲ್ಲ. ಅವರು ಕರ್ತವ್ಯವನ್ನು ಮೀರಿ ಪ್ರೀತಿಸಿದರು. ಕರ್ತವ್ಯ ಮೀರಿದ ಪ್ರೀತಿಯನ್ನು ಒಬ್ಬರು ಕೊಡಬಹುದು. ಇನ್ನೊಬ್ಬರು ಅದನ್ನು ಕೇಳುವಂತಿಲ್ಲ. ಕ್ರಿಸ್ತನ ಬಲಿಯೂ ತಾನಾಗಿಯೇ ಅರ್ಪಿಸಿದ್ದು, ಆದ್ದರಿಂದಲೇ ಅದು ಬಲಿ. ಮಂಚದ ಮೇಲೆ ಮಲಗಿರುವ ಸೊಸೆಯ ಮುಂದೆ ಸಂತರ ಚಿತ್ರ ಹಿಡಿದು, “ಅವರನ್ನು ನೋಡಿ ಕಲಿತುಕೋ” ಎನ್ನುವುದು ಭಕ್ತಿಯಲ್ಲ, ಕ್ರೌರ್ಯ. ಮಗುವಿಗೂ ಮನೆಯ ಉಳಿದ ಮಕ್ಕಳಿಗೂ ತಾನು ಬೇಕೆಂದು ಚಿಕಿತ್ಸೆಗೆ ತಲೆಯೊಡ್ಡುವ ತಾಯಿಯ ಪ್ರೀತಿ ಎರಡನೇ ದರ್ಜೆಯದಲ್ಲ.

ಇನ್ನೊಂದು ಘಟನೆ. 2005ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 26 ವರ್ಷದ ಕಥೋಲಿಕ ಗರ್ಭಿಣಿಯೊಬ್ಬರು ಕುಸಿದುಬಿದ್ದರು. ಚರ್ಮದ ಕ್ಯಾನ್ಸರ್ ಯಾರಿಗೂ ತಿಳಿಯದಂತೆ ಮಿದುಳಿಗೆ ಹರಡಿತ್ತು. ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದರು. ಮಗುವಿಗಾಗಿ ಮೂರು ತಿಂಗಳ ಕಾಲ ಯಂತ್ರಗಳ ನೆರವಿನಿಂದ ಆ ಶರೀರವನ್ನು ಕಾಪಾಡಿದರು. ಆಗಸ್ಟ್ 2ರಂದು ಒಂದು ಕಿಲೋ ತೂಕವೂ ಇಲ್ಲದ ಹೆಣ್ಣು ಮಗು ಹುಟ್ಟಿತು. ಮರುದಿನ ತಾಯಿಯ ಯಂತ್ರಗಳನ್ನು ನಿಲ್ಲಿಸಿದರು. ಸೆಪ್ಟೆಂಬರ್ 11ರಂದು ಮಗುವೂ ಹೋಯಿತು. ಎಲ್ಲವೂ ವ್ಯರ್ಥವಾಯಿತೇ? ಐದು ವಾರ ಎತ್ತಿಕೊಳ್ಳಲು ಒಂದು ಮಗುವಿತ್ತು, ಕರೆಯಲು ಒಂದು ಹೆಸರಿತ್ತು. ಜೀವದ ಬೆಲೆಯನ್ನು ಅದರ ಉದ್ದದಿಂದ ಅಳೆಯಲಾಗದು. ಇನ್ನು ತಾಯಿಯ ಯಂತ್ರಗಳನ್ನು ನಿಲ್ಲಿಸಿದ್ದು ಕೊಲೆಯಲ್ಲ. ಅಸಾಧಾರಣ ಸಾಧನಗಳನ್ನು ಕೊನೆಯಿಲ್ಲದೆ ಬಳಸಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಹನ್ನೆರಡನೇ ಪಯಸ್ ಅವರು 1957ರಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿದ್ದರು.

ಉಳಿದವರ ಪಾಲು

ತಾಯಿಗೆ ಇಷ್ಟೆಲ್ಲ ಬೋಧಿಸಿದ ಮೇಲೆ ನಮ್ಮ ಪಾಲೇನು? ಆರು ತಿಂಗಳ ಗರ್ಭಿಣಿಯಾಗಿದ್ದ ವಯಸ್ಸಾದ ಎಲಿಜಬೇತಳ ಮನೆಗೆ ಮಾತೆ ಮರಿಯ ಬೆಟ್ಟದ ದಾರಿ ಹಿಡಿದು ಹೋದಳು, ಹೋಗಿ ಸುಮಾರು ಮೂರು ತಿಂಗಳು ಇದ್ದಳು. ಮಗುವನ್ನು ಉಳಿಸಿಕೋ ಎಂದು ಹೇಳುವ ಧರ್ಮಕೇಂದ್ರ ಆಸ್ಪತ್ರೆಯ ಬಿಲ್ಲು ಬಂದಾಗ ಮರೆಯಾದರೆ ಆ ಬೋಧನೆಗೆ ಏನು ಬೆಲೆ? ಅವಳ ದೊಡ್ಡ ಮಕ್ಕಳನ್ನು ಶಾಲೆಗೆ ಬಿಡುವವರು ಯಾರು? ರಕ್ತ ಕೊಡುವವರು ಯಾರು? ಆಯುಷ್ಮಾನ್ ಕಾರ್ಡಿನ ಕಾಗದಪತ್ರ ಹಿಡಿದು ಗಂಡನ ಜೊತೆ ಕೌಂಟರಿನ ಮುಂದೆ ನಿಲ್ಲುವವರು ಯಾರು? ವಿನ್ಸೆಂಟ್ ದಿ ಪಾಲ್ ಸಭೆಯವರೇ, ಮಹಿಳಾ ಸಂಘದವರೇ, ಯುವಜನರೇ, ಇದು ನಿಮ್ಮ ಕೆಲಸ, ನನ್ನದೂ ಹೌದು.

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆಯಲು ಹೆದರಬೇಡಿ. ಅದು ಸಾಯುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಗಂಭೀರ ಕಾಯಿಲೆಗಾಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಅದನ್ನು ಪಡೆಯಬಹುದು. ತಾಯಿಯ ಹಣೆಗೆ, ಕೈಗಳಿಗೆ ಎಣ್ಣೆ ಹಚ್ಚುವಾಗ ಧರ್ಮಸಭೆ ಅವಳ ಗುಣಕ್ಕಾಗಿ ಬೇಡುತ್ತದೆ. ಮಗು ಹುಟ್ಟಿದಾಗ ಪ್ರಾಣಾಪಾಯವಿದ್ದರೆ ದಾದಿಯೋ, ಅಜ್ಜಿಯೋ, ಯಾರು ಬೇಕಾದರೂ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು.

ಎಲ್ಲ ಪ್ರಯತ್ನದ ಮೇಲೂ ಮಗು ಗರ್ಭದಲ್ಲೇ ತೀರಿಕೊಂಡರೆ, “ನನ್ನ ಚಿಕಿತ್ಸೆಯೇ ನನ್ನ ಮಗುವನ್ನು ಕೊಂದಿತು” ಎಂದು ಕೊರಗುವ ತಾಯಿಗೆ ಈ ಮಾತು: ದುಃಖ ಬೇರೆ, ಅಪರಾಧ ಬೇರೆ. ನಿನಗಿರುವುದು ದುಃಖ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳು ರಕ್ಷಣೆ ಪಡೆಯುತ್ತವೆಂದು ಭರವಸೆಯಿಡಲು ಬಲವಾದ ಆಧಾರವಿದೆ ಎಂದು ಧರ್ಮಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ಹೇಳಿದೆ. ಆ ಮಗುವಿಗೆ ಒಂದು ಹೆಸರಿಡಿ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ಆ ಹೆಸರನ್ನೂ ಹೇಳಿ.

ಈ ವಾರ ನಿಮ್ಮ ಓಣಿಯಲ್ಲಿ, ನಿಮ್ಮ ವಾರ್ಡಿನಲ್ಲಿ ಗರ್ಭಿಣಿಯಾಗಿರುವ ಸಹೋದರಿಯೊಬ್ಬಳನ್ನು ನೆನಪಿಸಿಕೊಳ್ಳಿ. ಹೋಗಿ, “ಹೇಗಿದ್ದೀಯಮ್ಮಾ?” ಎಂದು ಕೇಳಿ. ಅವಳು ತಲೆನೋವು ಎಂದರೆ, ಮಾತನ್ನು ನಡುವೆ ಕಡಿಯದೆ ಪೂರ್ತಿ ಕೇಳಿಸಿಕೊಳ್ಳಿ.